ಸಕ್ಕರೆ ಕಾಯಿಲೆ ಇದ್ದವರಿಗೆ ಬಿ.ಪಿ. ಮಾತ್ರೆ: ಏಕೆ, ಯಾವುದು, ಎಲ್ಲಿಯವರೆಗೆ?

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸಾಮಾನ್ಯ ಸಭೆಯ ಸಂದರ್ಭದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ನಾನು ಈ ಸಂಘಕ್ಕೆ ಬಂದಾಗಲೆಲ್ಲ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಕರುಗಳಿಗೆ ಜಂತುನಾಶಕ, ಖನಿಜ ಮಿಶ್ರಣ ಎಂದು ಮಾತನಾಡುವುದು ರೂಢಿ. ಇವತ್ತು ಕೊಟ್ಟಿಗೆಯಲ್ಲಿ ನಿಂತ ರಾಸಿನ ಮಾತು ಬೇಡ, ಅದರ ಹಗ್ಗ ಹಿಡಿದವರ ಮಾತು ಆಡೋಣ ಎಂದು ಅಧ್ಯಕ್ಷರಲ್ಲಿ ಕೇಳಿಕೊಂಡೆ. ಅವರು ಒಪ್ಪಿದರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದನಗಳ ಡಾಕ್ಟರು. ಮನುಷ್ಯರಿಗೆ ಮದ್ದಿನ ಚೀಟಿ ಬರೆಯುವ ಅಧಿಕಾರ ನನಗಿಲ್ಲ, ಇವತ್ತು ಬರೆಯುವುದೂ ಇಲ್ಲ. ಆದರೆ ಮದ್ದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಓದಿದ್ದೇನೆ. ಜೊತೆಗೆ ನಾನೂ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡಕ್ಕೂ ಮಾತ್ರೆ ನುಂಗುವವನು. ಡಾಕ್ಟರು ಚೀಟಿ ಬರೆದಾಗ ಅದರಲ್ಲಿ ಏನಿದೆ, ಏಕಿದೆ ಎಂದು ತಿಳಿದರೆ ನೀವು ಅದನ್ನು ಬಿಡುವುದಿಲ್ಲ. ಅಷ್ಟು ತಿಳಿಸುವುದೇ ನನ್ನ ಉದ್ದೇಶ.

ನಮ್ಮ ಮನೆಯ ಕಥೆ

ನಮ್ಮ ತಂದೆಯವರೂ ನಿಮ್ಮಂತೆಯೇ ಎರಡು ಹೊತ್ತು ಸಂಘಕ್ಕೆ ಹಾಲು ಹಾಕುತ್ತಿದ್ದವರು. ಸಕ್ಕರೆ ಕಾಯಿಲೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಸಕ್ಕರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮುದ್ದೆ ಚಿಕ್ಕದಾಯಿತು, ಕಾಫಿಗೆ ಸಕ್ಕರೆ ನಿಂತಿತು. ಸಂಘದ ಜಗಲಿಯ ಮೇಲೆ ಕೂತು 'ನನಗೆ ಸಕ್ಕರೆ ಕಂಟ್ರೋಲು' ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಡಾಕ್ಟರು ಬಿ.ಪಿ.ಗೂ ಒಂದು ಮಾತ್ರೆ ಬರೆದಿದ್ದರು. ಮೂರು ತಿಂಗಳು ತೆಗೆದುಕೊಂಡರು. ಮತ್ತೆ ತೋರಿಸಿದಾಗ ಬಿ.ಪಿ. ಸರಿಯಾಗಿತ್ತು. 'ವಾಸಿಯಾಯಿತಲ್ಲ, ಇನ್ನೇಕೆ' ಎಂದು ಬಿಟ್ಟರು. ತಲೆಸುತ್ತಿಲ್ಲ, ತಲೆನೋವಿಲ್ಲ, ಗದ್ದೆಗೆ ಹೋಗುತ್ತಿದ್ದಾರೆ, ಹುಲ್ಲಿನ ಹೊರೆ ಹೊರುತ್ತಿದ್ದಾರೆ. ನಾಲ್ಕೈದು ವರ್ಷ ಹಾಗೇ ಕಳೆಯಿತು. ನಡುವೆ ಮಂಡಿ ನೋವು ಶುರುವಾಗಿ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗತೊಡಗಿದರು.

ಒಂದು ಬೇಸಿಗೆಯಲ್ಲಿ ಕಾಲು ಊದಿತು. ಮುಖ ಊದಿತು. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಎರಡೂ ಕಿಡ್ನಿ ಬಹುಪಾಲು ಹಾಳಾಗಿದ್ದವು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಗಿನ ಹಾಲು ಕರೆದು ಬಸ್ಸು ಹತ್ತುವುದು, ಸಂಜೆ ಕರೆಯುವುದಕ್ಕೆ ಆಗದಂತೆ ಸುಸ್ತಾಗಿ ಬರುವುದು. ಮೊದಲು ಎರಡು ಹಸು ಮಾರಿದೆವು, ಆಮೇಲೆ ಉಳಿದದ್ದನ್ನೂ ಮಾರಿದೆವು. ಎರಡು ವರ್ಷದೊಳಗೆ ತಂದೆಯವರು ತೀರಿಕೊಂಡರು.

ಇದರಲ್ಲಿ ನಾನು ಯಾವ ಡಾಕ್ಟರನ್ನೂ ದೂರುವುದಿಲ್ಲ. ಸಾವಿರಾರು ರಾಸುಗಳ ಮೂತ್ರ, ಸಗಣಿ, ಹಾಲು ಪರೀಕ್ಷೆ ಮಾಡಿದ ನಾನು ನಮ್ಮಪ್ಪನ ಮೂತ್ರವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲಿಲ್ಲ. 'ಅಪ್ಪಾ, ಬಿ.ಪಿ. ಮಾತ್ರೆ ತಗೋತಿದ್ದೀರಾ' ಎಂದು ಒಂದು ದಿನ ಕೇಳಲಿಲ್ಲ. ಆ ಭಾರದಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

ಎರಡೂ ಸೇರಿದರೆ ಏನಾಗುತ್ತದೆ?

ನಿಮ್ಮಲ್ಲಿ ಕೆಲವರ ಮನೆಗೆ ಹಾಲು ಕರೆಯುವ ಯಂತ್ರ ಬಂದಿದೆ. ಅದರ ಮೇಲೊಂದು ಮಾಪಕವಿದೆ. ಮುಳ್ಳು ಗೊತ್ತಾದ ಗೆರೆಯಲ್ಲೇ ನಿಲ್ಲಬೇಕು ಎಂದು ನಾವು ಹೇಳಿಕೊಟ್ಟಿರುತ್ತೇವೆ. ಎಳೆತ ಹೆಚ್ಚಾದರೆ ಹಸು ಆ ದಿನವೇ ಒದೆಯಬೇಕೆಂದಿಲ್ಲ. ಹಾಲೂ ಬರುತ್ತಿರುತ್ತದೆ. ಆದರೆ ತಿಂಗಳು ಕಳೆದಂತೆ ಮೊಲೆತೊಟ್ಟಿನ ತುದಿ ಗಟ್ಟಿಯಾಗಿ ಸೀಳುತ್ತದೆ, ಆಮೇಲೆ ಕೆಚ್ಚಲು ಬಾವು ಬರುತ್ತದೆ. ರಕ್ತದೊತ್ತಡವೂ ಹೀಗೆಯೇ. ಮುಳ್ಳು ಮೇಲೇರಿದ್ದು ಮಾಪಕಕ್ಕೆ ಮಾತ್ರ ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದು ಹಾನಿಯಾದ ಮೇಲೆ.

ಸಕ್ಕರೆ ಕಾಯಿಲೆ ರಕ್ತನಾಳದ ಒಳಗೋಡೆಯನ್ನು ನಿಧಾನವಾಗಿ ಕೆಡಿಸುತ್ತದೆ. ಕೆಟ್ಟ ಗೋಡೆಯ ಮೇಲೆ ಹೆಚ್ಚಿನ ಒತ್ತಡ ಬಿದ್ದರೆ ಹಾನಿ ಬೇಗ ಆಗುತ್ತದೆ. ಮೊದಲು ಪೆಟ್ಟು ತಿನ್ನುವುದು ಸಣ್ಣ ನಾಳಗಳಿರುವ ಕಣ್ಣು ಮತ್ತು ಕಿಡ್ನಿ. ದೊಡ್ಡ ನಾಳಗಳಿಗೆ ತಗುಲಿದರೆ ಹೃದಯಾಘಾತ, ಲಕ್ವ. ಒಬ್ಬರಲ್ಲೇ ಈ ಎರಡೂ ಇರುವುದು ಬಹಳ ಸಾಮಾನ್ಯ.

ಇದು ಪಟ್ಟಣದವರ ಕಾಯಿಲೆ ಎಂಬ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ರಕ್ತದೊತ್ತಡ ಹೆಚ್ಚಿರುವವರು ಸುಮಾರು 31 ಕೋಟಿ, ಎಂದರೆ ವಯಸ್ಕರಲ್ಲಿ ಮೂವರಿಗೊಬ್ಬರು.

ಬಿ.ಪಿ. ಇಳಿಸಿದರೆ ಲಾಭ ಎಷ್ಟು ಎಂಬುದಕ್ಕೂ ಲೆಕ್ಕ ಸಿಕ್ಕಿದೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡೂ ಇದ್ದ 1,148 ಜನರನ್ನು ಇಂಗ್ಲೆಂಡಿನ ವೈದ್ಯರು ಎಂಟು ವರ್ಷಕ್ಕೂ ಮೀರಿ ಗಮನಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನ ಬಿ.ಪಿ. ಸರಾಸರಿ 144/82ರಲ್ಲಿತ್ತು. ಇನ್ನೊಂದರದು 154/87. ವ್ಯತ್ಯಾಸ ಮೇಲಿನ ಅಂಕಿಯಲ್ಲಿ ಬರೀ ಹತ್ತು. ಆ ಹತ್ತರಿಂದ ಲಕ್ವ ಶೇ. 44ರಷ್ಟು ಕಡಿಮೆಯಾಯಿತು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇ. 32ರಷ್ಟು ಕಡಿಮೆಯಾಯಿತು. ಹಾಲಿನ ಡಿಗ್ರಿಯಲ್ಲಿ ಒಂದೆರಡು ಅಂಕಿ ಬದಲಾದರೆ ಬಟವಾಡೆಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಬಲ್ಲ ನಿಮಗೆ ಸಣ್ಣ ಅಂಕಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬಿ.ಪಿ. ಎಷ್ಟಿರಬೇಕು?

ಬಿ.ಪಿ.ಗೆ ಎರಡು ಅಂಕಿ. ಹೃದಯ ಒತ್ತಿದಾಗಿನದು ಮೇಲಿನದು, ಸಡಿಲವಾದಾಗಿನದು ಕೆಳಗಿನದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕೇಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ 130/80ರ ಒಳಗೆ ಇಡಬೇಕು ಎಂಬುದು ಇಂದು ಹೆಚ್ಚಿನ ವೈದ್ಯರು ಅನುಸರಿಸುವ ಗುರಿ.

ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. 2010ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 120ಕ್ಕಿಂತ ಕೆಳಗೆ ಇಳಿಸಿದಾಗ ಲಕ್ವ ಕಡಿಮೆಯಾದರೂ ಒಟ್ಟು ಲೆಕ್ಕದಲ್ಲಿ ಖಚಿತ ಲಾಭ ಕಾಣಲಿಲ್ಲ, ಮದ್ದಿನ ಅಡ್ಡಪರಿಣಾಮ ಹೆಚ್ಚಾಯಿತು. 2024ರಲ್ಲಿ ಚೀನಾದಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿ ಮೇಲೆ ನಡೆದ ಅಧ್ಯಯನದಲ್ಲಿ ಲಾಭ ಕಂಡಿತು. ಹಾಗಾಗಿ ಯಾರಿಗೆ ಎಷ್ಟು ಎಂಬುದನ್ನು ವಯಸ್ಸು, ಕಿಡ್ನಿಯ ಸ್ಥಿತಿ, ಎದ್ದು ನಿಂತಾಗ ತಲೆಸುತ್ತು ಬರುತ್ತದೆಯೇ ಎಂಬುದನ್ನೆಲ್ಲ ನೋಡಿ ಡಾಕ್ಟರೇ ನಿರ್ಧರಿಸಬೇಕು. ಎಪ್ಪತ್ತೈದರ ಅಜ್ಜಿಗೂ ನಲವತ್ತೈದರ ಮಗನಿಗೂ ಒಂದೇ ಗೆರೆ ಎಳೆಯಲಾಗದು.

ಅಳೆಯುವುದು ಸರಿಯಿಲ್ಲದಿದ್ದರೆ ಚಿಕಿತ್ಸೆಯೂ ಸರಿಹೋಗದು. ಹಾಲಿನ ಮಾದರಿಯನ್ನು ಚೆನ್ನಾಗಿ ಕಲಕದೆ ತೆಗೆದರೆ ಫ್ಯಾಟು ತಪ್ಪು ಬರುತ್ತದೆಯಲ್ಲವೇ? ಬಿ.ಪಿ.ಗೂ ಕ್ರಮವಿದೆ. ಹಾಲಿನ ಕ್ಯಾನು ಸೈಕಲ್ಲಿನಲ್ಲಿ ತುಳಿದು ತಂದ ಕೂಡಲೇ ನೋಡಿಸಬಾರದು. ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಬೇಡ. ಮೂತ್ರಕ್ಕೆ ಹೋಗಿ ಬಂದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಬೇಕು. ಎರಡು ಸಲ ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ನಿಲ್ಲಿಸಿ ಇನ್ನೊಮ್ಮೆ ನೋಡುವುದೂ ಒಳ್ಳೆಯದು. ನರ ದುರ್ಬಲವಾಗಿದ್ದರೆ ನಿಂತಾಗ ಬಿ.ಪಿ. ಇಳಿದು ಬೀಳುವ ಅಪಾಯವಿದೆ. ಅದು ಗೊತ್ತಾದರೆ ಡಾಕ್ಟರು ಮದ್ದಿನ ಪ್ರಮಾಣ ಬದಲಿಸುತ್ತಾರೆ.

ಡಾಕ್ಟರು ಮದ್ದು ಆರಿಸುವ ಬಗೆ

ಪಕ್ಕದ ಮನೆಯವರಿಗೆ ಒಂದು ಮಾತ್ರೆ, ನನಗೆ ಬೇರೆ ಮಾತ್ರೆ ಏಕೆ ಎಂದು ಅನೇಕರು ಕೇಳುತ್ತಾರೆ. ಒಂದೇ ರೋಗಕ್ಕೆ ನಾನು ಗಬ್ಬದ ಹಸುವಿಗೆ ಒಂದು, ಕರುವಿಗೆ ಒಂದು ಮದ್ದು ಕೊಡುವುದಿಲ್ಲವೇ? ಸಕ್ಕರೆ ಕಾಯಿಲೆ ಇದ್ದವರ ಬಿ.ಪಿ.ಗೆ ಮುಖ್ಯವಾಗಿ ನಾಲ್ಕು ಬಗೆಯ ಮದ್ದುಗಳಿವೆ. ನಿಮ್ಮ ಚೀಟಿಯಲ್ಲಿರುವ ಹೆಸರು ಯಾವುದಕ್ಕೆ ಸೇರುತ್ತದೆ ನೋಡಿಕೊಳ್ಳಿ.

ಮೊದಲನೆಯದು, ಹೆಸರಿನ ಕೊನೆಯಲ್ಲಿ 'ಪ್ರಿಲ್' ಬರುವ ಎನಾಲಾಪ್ರಿಲ್, ರಾಮಿಪ್ರಿಲ್ ಮತ್ತು 'ಸಾರ್ಟಾನ್' ಬರುವ ಲೋಸಾರ್ಟಾನ್, ಟೆಲ್ಮಿಸಾರ್ಟಾನ್. ಮೂತ್ರದಲ್ಲಿ ಪ್ರೋಟೀನು ಸೋರುತ್ತಿರುವ ಸಕ್ಕರೆ ಕಾಯಿಲೆಯವರಿಗೆ ಇವೇ ಮೊದಲ ಆಯ್ಕೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಹಾಲು ಸೋಸುವ ಬಟ್ಟೆಗೆ ಮೇಲಿನಿಂದ ಜೋರಾಗಿ ಸುರಿದರೆ ಬಟ್ಟೆ ಹಿಗ್ಗಿ ಕಸವೂ ಕೆಳಗಿಳಿಯುತ್ತದೆ. ಈ ಮದ್ದುಗಳು ಜರಡಿಯಿಂದ ರಕ್ತ ಹೊರಹೋಗುವ ದಾರಿಯನ್ನು ಸ್ವಲ್ಪ ಅಗಲ ಮಾಡುತ್ತವೆ. ಆಗ ಜರಡಿಯ ಮೇಲಿನ ಒತ್ತಡ ಇಳಿಯುತ್ತದೆ. ಬಿ.ಪಿ. ಇಳಿಸುವುದರ ಜೊತೆಗೆ ಕಿಡ್ನಿಯನ್ನೂ ಕಾಯುತ್ತವೆ.

ಈ ಮದ್ದು ಹುಟ್ಟಿದ್ದು ಹಾವಿನ ವಿಷದಿಂದ ಎಂದರೆ ನಂಬುತ್ತೀರಾ? ಬ್ರೆಜಿಲ್ ದೇಶದ ಒಂದು ಮಂಡಲದ ಜಾತಿಯ ಹಾವು ಕಚ್ಚಿದರೆ ಬಿ.ಪಿ. ಕುಸಿಯುತ್ತದೆ. ಅದರ ವಿಷದಲ್ಲಿರುವ ಅಂಶವೊಂದನ್ನು ಸರ್ಜಿಯೋ ಫೆರೇರಾ ಎಂಬ ವಿಜ್ಞಾನಿ 1965ರಲ್ಲಿ ವರದಿ ಮಾಡಿದರು. ಅದೇ ಜಾಡು ಹಿಡಿದು ಅಮೆರಿಕದಲ್ಲಿ ಕ್ಯಾಪ್ಟೋಪ್ರಿಲ್ ಎಂಬ ಮಾತ್ರೆ ತಯಾರಾಯಿತು. 1981ರಲ್ಲಿ ಅಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇನ್ಸುಲಿನ್ ಮೇಲೆಯೇ ಬದುಕಿದ್ದ, ಕಿಡ್ನಿಗೂ ತೊಂದರೆಯಾಗಿದ್ದ 409 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ಈ ಮದ್ದು ಪಡೆದವರಲ್ಲಿ ಸಾವು, ಡಯಾಲಿಸಿಸ್, ಕಿಡ್ನಿ ಬದಲಾವಣೆ ಈ ಮೂರೂ ಸೇರಿದ ಅಪಾಯ ಅರ್ಧಕ್ಕಿಳಿದಿತ್ತು. 2001ರಲ್ಲಿ ಸಾರ್ಟಾನ್ ಗುಂಪಿನ ಮದ್ದುಗಳೂ ನಮ್ಮ ನಿಮ್ಮಂಥ ನಡುವಯಸ್ಸಿನ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಕಾಯುತ್ತವೆ ಎಂದು ಗೊತ್ತಾಯಿತು. ನಾವು ಪಶುವೈದ್ಯರೂ ಹೃದಯ ಸೋತ ನಾಯಿಗಳಿಗೆ ಎನಾಲಾಪ್ರಿಲ್ ಕೊಡುತ್ತೇವೆ.

ಪ್ರಿಲ್ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ನನಗೂ ಬಂತು. ಧೂಳಿನ ಕೆಮ್ಮು, ಹುಲ್ಲಿನ ಅಲರ್ಜಿ ಎಂದುಕೊಂಡು ಎರಡು ತಿಂಗಳು ಕಷಾಯ ಕುಡಿದೆ. ಕೊನೆಗೆ ಡಾಕ್ಟರಿಗೆ ಹೇಳಿದಾಗ ಸಾರ್ಟಾನ್ ಗುಂಪಿಗೆ ಬದಲಿಸಿದರು, ಕೆಮ್ಮು ಹೋಯಿತು. ಅಪರೂಪಕ್ಕೆ ತುಟಿ, ನಾಲಿಗೆ ಊದುವುದುಂಟು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ರಿಲ್ ಮತ್ತು ಸಾರ್ಟಾನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಎರಡು ಸೇರಿದರೆ ಲಾಭ ಹೆಚ್ಚುವುದಿಲ್ಲ, ಕಿಡ್ನಿಗೆ ತೊಂದರೆ ಹೆಚ್ಚುತ್ತದೆ ಎಂದು 2008ರ ದೊಡ್ಡ ಅಧ್ಯಯನವೊಂದು ತೋರಿಸಿತು. ಇಬ್ಬರು ಡಾಕ್ಟರ ಎರಡು ಚೀಟಿ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಎರಡನೆಯದು ಅಮ್ಲೋಡಿಪಿನ್. ಕರು ಹಾಕಿದ ಹಸು ಹಾಲು ಜ್ವರದಿಂದ ಮಲಗಿದಾಗ ನಾವು ಕ್ಯಾಲ್ಸಿಯಂ ಬಾಟಲಿ ಏರಿಸುತ್ತೇವೆ. ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕು. ರಕ್ತನಾಳದ ಗೋಡೆಯಲ್ಲಿಯೂ ಸ್ನಾಯು ಇದೆ. ಅಮ್ಲೋಡಿಪಿನ್ ಆ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗದಂತೆ ತಡೆಯುತ್ತದೆ, ನಾಳ ಸಡಿಲವಾಗಿ ಒತ್ತಡ ಇಳಿಯುತ್ತದೆ. ಇದು ಸಕ್ಕರೆಯನ್ನು ಏರಿಸುವುದಿಲ್ಲ, ಬೆಲೆಯೂ ಕಡಿಮೆ. ಕೆಲವರಿಗೆ ಪಾದ ಊದುತ್ತದೆ. ಊತ ಕಂಡರೆ ಮದ್ದಿನದೋ ಕಿಡ್ನಿಯದೋ ಎಂದು ಡಾಕ್ಟರು ನೋಡಿ ಹೇಳಬೇಕು, ನಾವು ಊಹಿಸಬಾರದು.

ಮೂರನೆಯದು ಮೂತ್ರ ಹೆಚ್ಚಿಸುವ ಮದ್ದು. ಕರು ಹಾಕುವ ಮುಂಚೆ ಕೆಚ್ಚಲಿನಲ್ಲಿ ನೀರು ತುಂಬಿದಾಗ ನಾವು ಕೊಡುವ ಇಂಜೆಕ್ಷನ್ನಿನ ನಂಟು. ಕ್ಲೋರ್ಥಾಲಿಡೋನ್, ಇಂಡಪಮೈಡ್ ಇಂಥವು. ಉಪ್ಪು ಮತ್ತು ನೀರನ್ನು ಹೊರಹಾಕಿ ಬಿ.ಪಿ. ಇಳಿಸುತ್ತವೆ. ಇವು ಸಕ್ಕರೆಯನ್ನು ಸ್ವಲ್ಪ ಏರಿಸಬಹುದು, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಸಬಹುದು. ಆದ್ದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಆದರೆ ಇವುಗಳಿಂದ ಆಗುವ ಲಾಭ ದೊಡ್ಡದು, ಹೆದರಿ ಬಿಡಬಾರದು.

ನಾಲ್ಕನೆಯದು ಅಟೆನೋಲಾಲ್, ಮೆಟೊಪ್ರೊಲಾಲ್. ಇವು ಎದೆಬಡಿತ ತಗ್ಗಿಸುತ್ತವೆ. ಹೃದಯಾಘಾತ ಆದವರಿಗೆ, ಎದೆನೋವಿನವರಿಗೆ ಮುಖ್ಯವಾದ ಮದ್ದು. ಆದರೆ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಸಕ್ಕರೆ ಇಳಿದಾಗ ಎದೆ ಡವಗುಟ್ಟಿ, ಕೈ ನಡುಗಿ ದೇಹ ಎಚ್ಚರಿಸುತ್ತದೆ. ಈ ಮದ್ದು ಆ ಎರಡು ಸೂಚನೆಗಳನ್ನು ಮುಚ್ಚಿಬಿಡುತ್ತದೆ. ಬೆವರುವುದು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರು ಕಿತ್ತರೆ ಮೊದಲು ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಒಂದೇ ಮಾತ್ರೆ ಸಾಲದೆ ಎರಡು, ಮೂರು ಬರೆದರೆ 'ನನ್ನ ಕಾಯಿಲೆ ಕೈ ಮೀರಿತು' ಎಂದು ಕಂಗಾಲಾಗಬೇಡಿ. ನಾನು ಮೊದಲು ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿ ಬಿ.ಪಿ. ಹತೋಟಿಯಲ್ಲಿಟ್ಟವರ ಪೈಕಿ ಸುಮಾರು ಹತ್ತರಲ್ಲಿ ಮೂವರಿಗೆ ಮೂರು ಅಥವಾ ಹೆಚ್ಚು ಮದ್ದು ಬೇಕಾಗಿತ್ತು. ಒಂದನ್ನೇ ಹೆಚ್ಚು ಪ್ರಮಾಣದಲ್ಲಿ ಕೊಡುವ ಬದಲು ಎರಡನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅಡ್ಡಪರಿಣಾಮವೂ ಕಡಿಮೆ.

ಮೂತ್ರ ಪರೀಕ್ಷೆ ಮರೆಯಬೇಡಿ

ಗುಪ್ತ ಕೆಚ್ಚಲು ಬಾವು ನಿಮಗೆ ಗೊತ್ತು. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ, ನೋಡಲು ಎಲ್ಲ ಸರಿ. ಪರೀಕ್ಷೆಯ ದ್ರಾವಣ ಹಾಕಿದಾಗ ಹಾಲು ಲೋಳೆಯಾಗಿ ಸತ್ಯ ಹೊರಬೀಳುತ್ತದೆ. ಕಿಡ್ನಿಯ ಗುಪ್ತ ಹಾನಿಗೂ ಅಂಥದೇ ಪರೀಕ್ಷೆ ಇದೆ. ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಪ್ರಮಾಣ ನೋಡುವುದು. ಅದು 30ಕ್ಕಿಂತ ಕಡಿಮೆ ಇರಬೇಕು. 30 ದಾಟಿದರೆ ಜರಡಿ ಸೋರತೊಡಗಿದೆ ಎಂದರ್ಥ. 300 ದಾಟಿದರೆ ಸೋರಿಕೆ ಹೆಚ್ಚಾಗಿದೆ. ಒಮ್ಮೆ ಹೆಚ್ಚು ಬಂದರೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಈ ಪರೀಕ್ಷೆ, ಜೊತೆಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಪ್ರಿಲ್ ಅಥವಾ ಸಾರ್ಟಾನ್ ಶುರು ಮಾಡಿದ ಒಂದು ತಿಂಗಳೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಆರಂಭದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಎಷ್ಟು ಏರಿದರೆ ಚಿಂತೆ ಎಂದು ಡಾಕ್ಟರು ಹೇಳುತ್ತಾರೆ.

ನಮ್ಮ ತಂದೆಯವರಿಗೆ ಈ ಪರೀಕ್ಷೆಯನ್ನು ಸಕಾಲದಲ್ಲಿ ಮಾಡಿಸಿದ್ದರೆ ಸೋರಿಕೆ ಶುರುವಾದಾಗಲೇ ಗೊತ್ತಾಗುತ್ತಿತ್ತು.

ನೋವಿನ ಮಾತ್ರೆ ಮತ್ತು ರಣಹದ್ದು

ಹಿರಿಯರಿಗೆ ನೆನಪಿರಬಹುದು. ಊರಾಚೆ ಸತ್ತ ದನ ಬಿಸಾಡಿದರೆ ಒಂದು ಗಳಿಗೆಯಲ್ಲಿ ರಣಹದ್ದುಗಳು ಮುಗಿಬೀಳುತ್ತಿದ್ದವು. ಆಮೇಲೆ ಅವು ಮಾಯವಾದವು. ಕಾರಣ ಹುಡುಕಿದಾಗ ಸಿಕ್ಕಿದ್ದು ನಾವು ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು. ಮದ್ದು ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. 2004ರಲ್ಲಿ ಇದು ಸಾಬೀತಾಯಿತು, 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ನಿಷೇಧಿಸಿತು. ನಮ್ಮ ವೃತ್ತಿಯವರು ಮರೆಯಬಾರದ ಪಾಠ ಅದು.

ಮನುಷ್ಯನ ಕಿಡ್ನಿ ಹದ್ದಿನ ಕಿಡ್ನಿಯಷ್ಟು ನಾಜೂಕಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಬಡವಾದ ಕಿಡ್ನಿಗೆ ನೋವಿನ ಮಾತ್ರೆ ಬಹಳ ಭಾರ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥವು ಬಿ.ಪಿ.ಯನ್ನೂ ಏರಿಸುತ್ತವೆ. ಪ್ರಿಲ್ ಅಥವಾ ಸಾರ್ಟಾನ್, ಮೂತ್ರ ಹೆಚ್ಚಿಸುವ ಮದ್ದು, ಅದರ ಮೇಲೆ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿ ಹಠಾತ್ತನೆ ಕೈಕೊಡಬಹುದು. ಮಂಡಿ ನೋವಿಗೆ, ಸೊಂಟ ನೋವಿಗೆ ಅಂಗಡಿಯಿಂದ ಬಿಡಿ ಮಾತ್ರೆ ತರುವ ಮುನ್ನ 'ನನಗೆ ಸಕ್ಕರೆ, ಬಿ.ಪಿ. ಎರಡೂ ಇದೆ' ಎಂದು ಡಾಕ್ಟರಿಗೆ ಹೇಳಿ ಕೇಳಿ. ನಿಮ್ಮ ಮನೆಯಲ್ಲಿ ನಾನು ಬಿಟ್ಟುಹೋದ ದನದ ಮದ್ದನ್ನು ಮನುಷ್ಯರು ಬಳಸಲೇಬಾರದು. ಇಂಥದ್ದನ್ನು ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ.

ಇನ್ನು ಕೆಲವು ಎಚ್ಚರಿಕೆಗಳು:

1. ವಾಂತಿ, ಭೇದಿ ಹತ್ತಿ ನೀರು ಕುಡಿಯಲೂ ಆಗದಿದ್ದರೆ, ಪ್ರಿಲ್, ಸಾರ್ಟಾನ್, ಮೂತ್ರದ ಮದ್ದು ಮತ್ತು ಮೆಟ್‌ಫಾರ್ಮಿನ್ ಮಾತ್ರೆಯನ್ನು ಎರಡು ದಿನ ನಿಲ್ಲಿಸಬೇಕೇ ಎಂದು ಕೂಡಲೇ ಡಾಕ್ಟರನ್ನು ಕೇಳಿ. ಗುಣವಾದ ಮೇಲೆ ಮತ್ತೆ ಶುರು ಮಾಡಲು ಮರೆಯಬೇಡಿ. ಇನ್ಸುಲಿನ್ ಮಾತ್ರ ನೀವಾಗಿ ನಿಲ್ಲಿಸಬಾರದು.

2. ಗರ್ಭಿಣಿಯರು, ಮಗು ಬೇಕೆನ್ನುವ ಹೆಣ್ಣುಮಕ್ಕಳು ಪ್ರಿಲ್, ಸಾರ್ಟಾನ್ ತೆಗೆದುಕೊಳ್ಳಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಅವರಿಗೆ ಬೇರೆ ಮದ್ದುಗಳಿವೆ. ಮೊದಲೇ ಡಾಕ್ಟರಿಗೆ ತಿಳಿಸಬೇಕು.

3. ಕಿಡ್ನಿ ಬಡವಾಗಿರುವವರು ಈ ಮದ್ದುಗಳ ಜೊತೆ 'ಕಡಿಮೆ ಸೋಡಿಯಂ ಉಪ್ಪು' ಬಳಸಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ದಿನವೂ ಎಳನೀರು ಕುಡಿಯುವುದನ್ನೂ ಕೇಳಿಯೇ ಮಾಡಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

4. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಎಂದರೆ ಒಂದು ಚಿಕ್ಕ ಚಮಚ ಮೀರಬಾರದು. ಸಾರಿನ ಉಪ್ಪು ಕಡಿಮೆ ಮಾಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ತಿಂದರೆ ಲೆಕ್ಕ ಅಲ್ಲಿಗಲ್ಲಿಗೆ. ಮಜ್ಜಿಗೆ ಕುಡಿಯಿರಿ, ಉಪ್ಪು ಹಾಕದೆ ಕುಡಿಯಿರಿ. ಹಸುವಿನ ಮೇವಿಗೆ ಉಪ್ಪು ಹಾಕಿ ಎನ್ನುವ ನಾನೇ ನಿಮಗೆ ಬೇಡ ಎನ್ನುತ್ತಿದ್ದೇನೆ.

ಎಲ್ಲಿಯವರೆಗೆ?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಾನು ಕೆಚ್ಚಲು ಬಾವಿಗೆ ಮೂರು ದಿನ, ಐದು ದಿನ ಮದ್ದು ಕೊಡುತ್ತೇನೆ. ಬಾವು ಇಳಿಯುತ್ತದೆ, ಮದ್ದು ಮುಗಿಯುತ್ತದೆ. ನಮ್ಮ ತಲೆಯಲ್ಲಿ ಮದ್ದು ಎಂದರೆ ಅದೇ ಚಿತ್ರ. ಬಿ.ಪಿ. ಮಾತ್ರೆ ಹಾಗಲ್ಲ. ಅದು ಹಸುವಿಗೆ ದಿನವೂ ಹಾಕುವ ಹಿಂಡಿ ಬೂಸಾದಂತೆ. ಇವತ್ತು ಹಾಲು ಚೆನ್ನಾಗಿ ಕೊಟ್ಟಿತು ಎಂದು ನಾಳೆಯಿಂದ ಮೇವು ನಿಲ್ಲಿಸುತ್ತೀರಾ? ಮಾತ್ರೆ ನುಂಗಿದ್ದರಿಂದಲೇ ಬಿ.ಪಿ. ಸರಿಯಾಗಿದೆ. ಬಿಟ್ಟರೆ ಕೆಲವೇ ದಿನ ಅಥವಾ ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಏರುತ್ತದೆ.

ಅದೇ ಇಂಗ್ಲೆಂಡಿನ ರೋಗಿಗಳನ್ನು ಅಧ್ಯಯನ ಮುಗಿದ ಮೇಲೂ ಹತ್ತು ವರ್ಷ ಗಮನಿಸಿ 2008ರಲ್ಲಿ ವರದಿ ಮಾಡಿದರು. ಅಧ್ಯಯನ ಮುಗಿದ ಎರಡೇ ವರ್ಷದಲ್ಲಿ ಎರಡೂ ಗುಂಪುಗಳ ಬಿ.ಪಿ. ಒಂದೇ ಮಟ್ಟಕ್ಕೆ ಬಂದಿತ್ತು. ಅದರೊಂದಿಗೆ ಮೊದಲು ಸಿಕ್ಕಿದ್ದ ಲಾಭವೂ ಕರಗಿಹೋಗಿತ್ತು. ಹಿಂದೆ ಚೆನ್ನಾಗಿ ನೋಡಿಕೊಂಡದ್ದು ಮುಂದಕ್ಕೆ ಠೇವಣಿಯಾಗಿ ಉಳಿಯಲಿಲ್ಲ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ಬಿ.ಪಿ. ತಾನಾಗಿ ತಗ್ಗಿದರೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ. ಆ ತೀರ್ಮಾನ ಅವರದು.

ಬೆಳಿಗ್ಗೆಯೋ ರಾತ್ರಿಯೋ ಎಂದು ಕೇಳುವವರುಂಟು. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೂತ್ರ ಹೆಚ್ಚಿಸುವ ಮದ್ದನ್ನು ಮಾತ್ರ ಬೆಳಿಗ್ಗೆ ತೆಗೆದುಕೊಂಡರೆ ರಾತ್ರಿ ನಿದ್ದೆ ಕೆಡದು. ಮರೆಯದ ಹೊತ್ತೇ ಒಳ್ಳೆಯ ಹೊತ್ತು. ನಾನು ಮಾತ್ರೆಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟಿದ್ದೇನೆ. ನೀವು ಹಾಲಿನ ಪಾಸ್‌ಬುಕ್ಕಿನ ಪಕ್ಕ ಇಡಿ. ಹಾಲು ಹಾಕುವುದನ್ನು ಮರೆಯುವವರು ನಮ್ಮಲ್ಲಿ ಯಾರೂ ಇಲ್ಲ.

ದುಡ್ಡಿನ ಚಿಂತೆಯೂ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ ಪರೀಕ್ಷಿಸಿ ಉಚಿತವಾಗಿ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಜನೌಷಧಿ ಕೇಂದ್ರಗಳಲ್ಲಿ ಇದೇ ಮದ್ದುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಡಬ್ಬಿಯ ಮೇಲಿನ ಕಂಪನಿಯ ಹೆಸರು ಬದಲಾದರೂ ಒಳಗಿನ ಮದ್ದಿನ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದೆಯೇ ಎಂದು ಓದಬಲ್ಲ ಮಕ್ಕಳಿಂದ ನೋಡಿಸಿಕೊಳ್ಳಿ.

ಕೊನೆಯದಾಗಿ ಒಂದು ಬೇಡಿಕೆ. ಮುಂದಿನ ಬಟವಾಡೆಯ ದಿನ ಸಂಘದ ಆವರಣದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಏರ್ಪಡಿಸುವಂತೆ ಅಧ್ಯಕ್ಷರನ್ನೂ ಆರೋಗ್ಯ ಕೇಂದ್ರದ ಡಾಕ್ಟರನ್ನೂ ಕೇಳಿಕೊಂಡಿದ್ದೇನೆ. ಅಂದು ನೀವೊಬ್ಬರೇ ಬರಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಂದೆ, ತಾಯಿ, ಅತ್ತೆ, ಮಾವ ಯಾರಿದ್ದರೂ ಕರೆತನ್ನಿ. ಅವರ ಮಾತ್ರೆಯ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತಂದು ಡಾಕ್ಟರ ಮುಂದೆ ಸುರಿಯಿರಿ. ಯಾವುದು ಇರಬೇಕು, ಯಾವುದು ಬೇಡ, ಯಾವುದು ಬಿಟ್ಟುಹೋಗಿದೆ ಎಂದು ಅವರು ನೋಡಲಿ.

ಅಷ್ಟೂ ಆಗದಿದ್ದರೆ, ಇವತ್ತು ಸಂಜೆ ಹಾಲು ಕರೆದು ಮನೆಗೆ ಹೋದ ಮೇಲೆ ಹಿರಿಯರ ಹತ್ತಿರ ಕೂತು 'ಬಿ.ಪಿ. ಮಾತ್ರೆ ತಗೊಂಡಿರಾ' ಎಂದು ಒಂದು ಮಾತು ಕೇಳಿ. ನಾನು ಕೇಳದೆ ಹೋದ ಮಾತು ಅದು.